52ರಲ್ಲಿ 27 ಕಳೆದರೆ 35

ಪಾಠ ಯೋಜನೆ ಬರೆದು ಬರೆದು ಸುಸ್ತಾದ ಶಿಕ್ಷಕರು ಆಪ್ತಸಲಹೆಗೆ ನನ್ನ ಹತ್ತಿರ ಬರುವುದು ಹೊಸದೇನಲ್ಲ. ಎಲ್ಲರ ಮಾತೂ ಹೆಚ್ಚು ಕಡಿಮೆ ಒಂದೇ: "ಇಷ್ಟು ತಯಾರಿ ಮಾಡ್ತೀನಿ, ಆದ್ರೂ ಮಕ್ಕಳಿಗೆ ಬರಲ್ಲ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ." ಅದಕ್ಕೇ ಈ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಮೂರನೇ ತರಗತಿಯ ಶಿಕ್ಷಕಿ, ಕೆಲಸಕ್ಕೆ ಸೇರಿ ಎರಡನೇ ವರ್ಷ. ರಜೆ ಮುಗಿಯುವ ಸಂಜೆ ಹೊಟ್ಟೆ ತೊಳಸುತ್ತದೆ, ರಾತ್ರಿ ಹನ್ನೆರಡು ದಾಟುವ ತನಕ ಯೋಜನೆ ಬರೆಯುತ್ತಾರೆ, ಬರೆದದ್ದನ್ನು ಹರಿದು ಮತ್ತೆ ಬರೆಯುತ್ತಾರೆ. ಮೊದಲ ಎರಡು ಭೇಟಿ ನಿದ್ದೆ, ಊಟ, ಮನೆ ಅಂತಲೇ ಕಳೆಯಿತು.

ಮೂರನೇ ಸಲ ಯೋಜನಾ ಪುಸ್ತಕ ತನ್ನಿ ಅಂದೆ. ಅಚ್ಚುಕಟ್ಟು ಅಂದರೆ ಅಚ್ಚುಕಟ್ಟು! ಕೊನೆಯ ಕಾಲಂ ‘ಅನ್ವಯಿಸಿದ ಸಿದ್ಧಾಂತ’. ಸೋಮವಾರ ಪಿಯಾಜೆ, ಮಂಗಳವಾರ ವೈಗಾಟ್‌ಸ್ಕಿ, ಬುಧವಾರ ಬ್ರೂನರ್, ಗುರುವಾರ ಮತ್ತೆ ಪಿಯಾಜೆ. ಮೂವರೂ ಮಕ್ಕಳು ಹೇಗೆ ಕಲಿಯುತ್ತಾರೆ ಅಂತ ಹೇಳಿದ ಮನಶ್ಶಾಸ್ತ್ರಜ್ಞರು. "ಈ ಕಾಲಂ ಅಳಿಸಿದರೆ ನಿಮ್ಮ ತರಗತಿಯಲ್ಲಿ ಏನು ಬದಲಾಗುತ್ತೆ?" ಅಂತ ಕೇಳಿದೆ. ಸ್ವಲ್ಪ ಒರಟಾಗಿಯೇ ಕೇಳಿದೆ ಅನ್ನಿಸುತ್ತೆ. ಅವರು ತುಂಬ ಹೊತ್ತು ಪುಟ ನೋಡಿ, "ಏನೂ ಇಲ್ಲ" ಅಂದರು. ಕಣ್ಣು ತುಂಬಿತ್ತು.

ಪುಸ್ತಕದ ಮಧ್ಯೆ ಮಕ್ಕಳ ಉತ್ತರದ ಹಾಳೆಗಳಿದ್ದವು. ಲೆಕ್ಕ: 52ರಲ್ಲಿ 27 ಕಳೆಯಿರಿ. 28 ಮಕ್ಕಳಲ್ಲಿ 11 ಮಂದಿ 35 ಅಂತ ಬರೆದಿದ್ದರು. ಹನ್ನೊಂದಕ್ಕೂ ಕೆಂಪು ಅಡ್ಡಗೀಟು. "ಹನ್ನೊಂದು ಜನ ಸುಮ್ನೆ ಊಹೆ ಮಾಡಿದ್ರೆ ಒಂದೇ ಉತ್ತರ ಬರುತ್ತಾ? ಈ 35 ಎಲ್ಲಿಂದ ಬಂತು?" ಅಂದೆ.

ಅವರು ಪೆನ್ಸಿಲ್ ತೆಗೆದುಕೊಂಡರು. ಬಿಡಿ ಸ್ಥಾನದಲ್ಲಿ 2, ಅದರ ಕೆಳಗೆ 7. "ಎರಡರಲ್ಲಿ ಏಳು ಹೋಗಲ್ಲ... ಅದಕ್ಕೆ ತಿರುಗಿಸಿಬಿಟ್ಟಿದ್ದಾರೆ. ಏಳರಲ್ಲಿ ಎರಡು ಹೋದರೆ 5. ಐದರಲ್ಲಿ ಎರಡು ಹೋದರೆ 3." ಆಮೇಲೆ ಪೆನ್ಸಿಲ್ ಕೆಳಗಿಟ್ಟು, "ಅಯ್ಯೋ, ಇದನ್ನ ಹೇಳಿಕೊಟ್ಟಿದ್ದೇ ನಾನು! ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನ ಕಳೀಬೇಕು ಅಂತ ಹೋದ ತಿಂಗಳು ನಾನೇ ಹೇಳಿದ್ದೆ" ಅಂದರು. ಮೂರು ಭೇಟಿಯಲ್ಲಿ ಮೊದಲ ಸಲ ನಕ್ಕರು.

ಈ ತಪ್ಪು ಹೊಸದಲ್ಲ. ಬ್ರೌನ್ ಮತ್ತು ಬರ್ಟನ್ ಎಂಬ ಸಂಶೋಧಕರು 1978ರಲ್ಲೇ ಮಕ್ಕಳ ಇಂಥ ತಪ್ಪುಗಳನ್ನು ಪಟ್ಟಿ ಮಾಡಿದ್ದರು. ಇಂಥ ಕಡೆ ಮಗು ಗಮನ ಕೊಡದೆ ತಪ್ಪು ಮಾಡುವುದಿಲ್ಲ, ತನಗೆ ಗೊತ್ತಿರುವ ನಿಯಮವನ್ನು ಶಿಸ್ತಾಗಿ ಪಾಲಿಸಿ ತಪ್ಪು ಮಾಡುತ್ತದೆ. ಹೊಸದನ್ನು ಮಗು ತನ್ನ ಹಳೆಯ ತಿಳಿವಳಿಕೆಯೊಳಗೇ ಕೂರಿಸಿಕೊಳ್ಳಲು ನೋಡುತ್ತದೆ ಅಂತ ಪಿಯಾಜೆ ಹೇಳಿದ್ದು ಇದನ್ನೇ ಅಲ್ವಾ? ಕಾಲಂನಲ್ಲಿ ಹೆಸರು ಇತ್ತು, ಹಾಳೆಯಲ್ಲಿ ವಿಷಯವೇ ಇತ್ತು.

ನಾನು ಕೊಟ್ಟ ಸಲಹೆ ಸಣ್ಣದು. ದಿನಕ್ಕೆ ಒಂದೇ ಪಾಠಕ್ಕೆ ಪೂರ್ತಿ ತಯಾರಿ, ಉಳಿದವಕ್ಕೆ ಪಠ್ಯಪುಸ್ತಕ ಸಾಕು. ಆ ಒಂದು ಪಾಠದಲ್ಲೂ ಮೊದಲು ಬರೆಯಬೇಕಾದ್ದು ಕೊನೆಯ ಪ್ರಶ್ನೆ, ಅಂದರೆ ಗಂಟೆ ಹೊಡೆಯುವ ಮುಂಚೆ ಮಕ್ಕಳಿಗೆ ಏನು ಕೊಟ್ಟು ನೋಡುತ್ತೀರಿ ಅನ್ನುವುದು. ಅದರ ಕೆಳಗೆ ಬರಬಹುದಾದ ತಪ್ಪು ಉತ್ತರ. ಅದರ ಕೆಳಗೆ, ಅದು ಬಂದರೆ ಏನು ಮಾಡುತ್ತೀರಿ. ಕಳೆಯುವ ಲೆಕ್ಕಕ್ಕೆ ಹತ್ತು ಹತ್ತು ಕಡ್ಡಿಯ ಕಟ್ಟು, ಬಿಡಿ ಸಾಲದಿದ್ದರೆ ಒಂದು ಕಟ್ಟು ಬಿಚ್ಚಿಕೊಳ್ಳುವುದು ಅಂತ ಅವರೇ ಹೇಳಿದರು. ಮೊದಲು ಕೈಗೆ ವಸ್ತು, ಆಮೇಲೆ ಚಿತ್ರ, ಆಮೇಲೆ ಅಂಕಿ. ಬ್ರೂನರ್ ಹೇಳಿದ ಕ್ರಮವೂ ಇದೇ. ಬ್ರೂನರ್ ಹೆಸರು ಬರೆದ ದಿನ ಅವರು ನೇರವಾಗಿ ಅಂಕಿಯಿಂದಲೇ ಶುರು ಮಾಡಿದ್ದರು! ಸಿದ್ಧಾಂತದ ಕಾಲಂ ಬಿಡಕ್ಕಾಗಲ್ಲ, ಮೇಲಿನವರು ಕೇಳುತ್ತಾರೆ. ಸರಿ, ಅರ್ಧ ನಿಮಿಷದಲ್ಲಿ ಒಂದು ಹೆಸರು ಬರೆದು ಮುಂದೆ ಹೋಗಿ ಅಂದೆ.

ಇದು ಆಪ್ತಸಲಹೆಗಾರರ ಕೆಲಸವೇ ಅಲ್ಲ ಅಂತ ಸಹೋದ್ಯೋಗಿಯೊಬ್ಬರು ಅಂದರು. ಉಸಿರಾಟದ ಅಭ್ಯಾಸ ನಾನೂ ಹೇಳಿಕೊಡುತ್ತೇನೆ. ಆದರೆ ಭಯದ ಬೇರು ಪುಸ್ತಕದ ಒಂದು ಕಾಲಂನಲ್ಲಿ ಕೂತಿರುವಾಗ ಆ ಪುಸ್ತಕ ತೆರೆಯದೆ ಬರೀ ಉಸಿರಿನ ಬಗ್ಗೆ ಮಾತಾಡುವುದು ನನಗೆ ಸರಿ ಕಾಣಲಿಲ್ಲ. ಹಾಗಂತ ಎಲ್ಲರಿಗೂ ಇದೇ ಮದ್ದಲ್ಲ. ಹಿಂದೊಮ್ಮೆ ಇನ್ನೊಬ್ಬರಿಗೆ ಇದನ್ನೇ ಹೇಳಿ ತಪ್ಪು ಮಾಡಿದ್ದೆ. ಅವರು ಎರಡು ತರಗತಿಯನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು, ಯೋಜನೆ ಎಷ್ಟು ಚೆನ್ನಾಗಿದ್ದರೂ ಆ ಹೊರೆ ಇಳಿಯುತ್ತಿರಲಿಲ್ಲ.

ಈ ಶಿಕ್ಷಕಿ ಮುಂದಿನ ಭೇಟಿಗೆ ಬಂದಾಗ 11ರಲ್ಲಿ 7 ಮಕ್ಕಳಿಗೆ 25 ಬರುತ್ತಿತ್ತು, ನಾಲ್ಕು ಮಂದಿ ಇನ್ನೂ 35ರಲ್ಲೇ ಇದ್ದರು. ಅವರಲ್ಲಿ ಒಬ್ಬ ಹುಡುಗ ಕಡ್ಡಿಯ ಕಟ್ಟನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಬಿಚ್ಚಲು ಒಪ್ಪಲೇ ಇಲ್ಲವಂತೆ. "ಬಿಚ್ಚಿದ್ರೆ ಜಾಸ್ತಿ ಆಗಿಬಿಡುತ್ತಲ್ಲ ಮಿಸ್?" ಅಂತ ಕೇಳಿದನಂತೆ. ಅವನ ಆ ಪ್ರಶ್ನೆಯನ್ನೇ ಮಾರನೆಯ ದಿನದ ಯೋಜನೆಯ ಮೊದಲ ಸಾಲಾಗಿ ಬರೆದು ತಂದಿದ್ದರು.