ಬಾಯಲ್ಲಿ ‘ಆಗಲ್ಲ’ ಅಂದ್ರೆ ಬರೆದು ಕೊಡಿ ಅಂತ ಕೇಳಿ

ಪ್ರಶ್ನೆ: ಮೇಡಂ, ನಮ್ದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಮಗಳಿಗೆ ಏಳು ವರ್ಷ, ಎರಡು ಕಿವೀನೂ ಸರಿಯಾಗಿ ಕೇಳ್ಸಲ್ಲ, ಹೋದ ವರ್ಷ ಮಿಷಿನ್ ಹಾಕ್ಸಿದೀವಿ. ಊರಿನ ಶಾಲೆಗೆ ಸೇರ್ಸಕ್ಕೆ ಹೋದ್ರೆ ‘ಇಂಥ ಮಕ್ಕಳಿಗೆ ನಮ್ಮಲ್ಲಿ ಟೀಚರ್ ಇಲ್ಲ, ಮೈಸೂರಲ್ಲಿ ಕಿವುಡು ಮಕ್ಕಳ ಸ್ಕೂಲಿಗೆ ಹಾಕಿ, ಇಲ್ಲ ಸರ್ಟಿಫಿಕೇಟ್ ತನ್ನಿ ಆಮೇಲೆ ನೋಡೋಣ’ ಅಂತ ವಾಪಸ್ ಕಳಿಸಿದ್ರು. ಇಷ್ಟು ಸಣ್ಣ ಮಗೂನ ಹಾಸ್ಟೆಲಲ್ಲಿ ಬಿಡಕ್ಕೆ ನಂಗೆ ಮನ್ಸೊಪ್ತಿಲ್ಲ. ಏನ್ಮಾಡ್ಲಿ?
– ಒಬ್ಬ ತಾಯಿ, ಮದ್ದೂರು ತಾಲ್ಲೂಕು

ಉತ್ತರ: ತಂಗಿ, ನಿಮ್ಮ ಕಾಗದ ಎರಡು ಸಲ ಓದಿದೆ. ಆ ಶಾಲೆಯವರು ಹೇಳಿದ ಎರಡು ಮಾತೂ ತಪ್ಪು. ಶಿಕ್ಷಣ ಹಕ್ಕು ಕಾಯ್ದೆ, ಎಲ್ರೂ ಆರ್‌ಟಿಇ ಅಂತೀವಲ್ಲ, 2010ರ ಏಪ್ರಿಲ್ 1ರಿಂದ ಜಾರೀಲಿದೆ, 6ರಿಂದ 14 ವರ್ಷದ ಯಾವ ಮಗೂನೂ ಸೇರಿಸ್ಕೊಳ್ಳಲ್ಲ ಅನ್ನೋ ಹಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇನ್ನೂ ಮುಂದೆ ಹೋಗುತ್ತೆ: 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯ ಇರೋ ಮಗೂಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಅದೂ ಪಕ್ಕದ ಶಾಲೇಲಿ ಬೇಕೋ ವಿಶೇಷ ಶಾಲೇಲಿ ಬೇಕೋ ಅಂತ ಆರಿಸ್ಕೊಳ್ಳೋದು ನಿಮ್ಮ ಕಡೆಯವರು, ಹೆಡ್‌ಮಾಸ್ಟರ್‌ಗೆ ಆ ಅಧಿಕಾರ ಯಾರೂ ಕೊಟ್ಟಿಲ್ಲ. ಇನ್ನು ವೈಕಲ್ಯದ ಸರ್ಟಿಫಿಕೇಟು, ಅದು ಸ್ಕಾಲರ್‌ಶಿಪ್‌ಗೆ ಬೇಕು, ಬಸ್ ಪಾಸ್‌ಗೆ ಬೇಕು, ಮುಂದೆ ಪರೀಕ್ಷೇಲಿ ರಿಯಾಯ್ತಿಗೆ ಬೇಕು, ಆದ್ರೆ ನಿಮ್ಮ ಮಗಳಿಗೆ ಏಳು ವರ್ಷ ಆಗಿದೆ, ಒಂದನೇ ಕ್ಲಾಸಿಗೆ ಸೇರಕ್ಕೆ ಅಷ್ಟೇ ಸಾಕು.

ಈಗ ಮಾಡಬೇಕಾದ್ದು ಹೇಳ್ತೀನಿ. ಒಂದು ಬಿಳಿ ಹಾಳೇಲಿ ತಾರೀಕು ಹಾಕಿ ಮಗಳ ಹೆಸರು, ಹುಟ್ಟಿದ ದಿನ ಬರೆದು ‘ಸೇರಿಸ್ಕೊಳ್ಳಿ, ಆಗಲ್ಲ ಅನ್ನೋದಾದ್ರೆ ಕಾರಣ ಬರವಣಿಗೇಲಿ ಕೊಡಿ’ ಅಂತ ಅರ್ಜಿ ಬರೀರಿ, ಇಂಗ್ಲಿಷ್ ಬೇಡ, ವಕೀಲರ ಭಾಷೆ ಬೇಡ. ಎರಡು ಪ್ರತಿ ಮಾಡ್ಕೊಂಡು ಹೋಗಿ, ಒಂದನ್ನ ಅವರಿಗೆ ಕೊಟ್ಟು ಇನ್ನೊಂದರ ಮೇಲೆ ಸೀಲು ಸಹಿ ಹಾಕಿಸ್ಕೊಂಡೇ ಬನ್ನಿ. ಹಾಕಲ್ಲ ಅಂದ್ರೆ ಜಗಳ ಬೇಡ, ಸ್ಪೀಡ್ ಪೋಸ್ಟಲ್ಲಿ ಕಳಿಸಿ, ಒಂದು ಪ್ರತಿ ತಾಲ್ಲೂಕಿನ ಶಿಕ್ಷಣಾಧಿಕಾರಿ, ಅಂದ್ರೆ ಬಿಇಒ ಆಫೀಸಿಗೂ ಹೋಗಲಿ. ನಾನು ಇಪ್ಪತ್ತೆರಡು ವರ್ಷ ಸರ್ಕಾರಿ ಶಾಲೇಲಿ ಪಾಠ ಮಾಡಿದವಳು, ಬಾಯಲ್ಲಿ ಎಷ್ಟು ಸಲೀಸಾಗಿ ‘ಆಗಲ್ಲ’ ಅಂದುಬಿಡ್ತಾರೋ ಅದನ್ನೇ ಬರೆದು ಸಹಿ ಹಾಕಿ ಅಂದ್ರೆ ಪೆನ್ನು ಮೇಲೇಳಲ್ಲ ಅನ್ನೋದು ಕಣ್ಣಾರೆ ಕಂಡಿದೀನಿ, ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತೆ. ಮುಗೀಲಿಲ್ಲ ಅಂದ್ರೆ ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು, ಡಿಡಿಪಿಐ ಅಂತೀವಲ್ಲ, ಅವರಿದಾರೆ, ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದೆ, ವಿಕಲಚೇತನರ ಹಕ್ಕುಗಳ ರಾಜ್ಯ ಆಯುಕ್ತರು ಇದಾರೆ. ಮಂಡ್ಯದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದ್ರೆ ಹೆಂಗಸರಿಗೂ ಮಕ್ಕಳಿಗೂ ವಕೀಲರ ಸಹಾಯ ಪುಕ್ಕಟೆ, ಆದಾಯ ಎಷ್ಟು ಅಂತ ಕೇಳೋ ಹಾಗಿಲ್ಲ, 15100ಕ್ಕೆ ಫೋನ್ ಮಾಡಿದ್ರೂ ಆಗುತ್ತೆ.

ಸರ್ಟಿಫಿಕೇಟ್ ಕೆಲಸಾನೂ ಜೊತೆಜೊತೆಗೇ ಶುರು ಮಾಡಿ. ಯುಡಿಐಡಿ ಅಂತ ವಿಕಲಚೇತನರ ಗುರುತಿನ ಕಾರ್ಡು, ಅದಕ್ಕೆ ಆನ್‌ಲೈನ್ ಅರ್ಜಿ ಹಾಕ್ಬೇಕು, ಆಮೇಲೆ ಆಸ್ಪತ್ರೇಲಿ ತಪಾಸಣೆ. ನಿಮ್ಮ ಗ್ರಾಮ ಪಂಚಾಯ್ತೀಲಿ ವಿಆರ್‌ಡಬ್ಲ್ಯು ಅಂತ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ಈ ಓಡಾಟಕ್ಕೆ ಅಂತಾನೇ ಇರೋರು ಅವರು, ಅವರ ಕೈಲೇ ಅರ್ಜಿ ಹಾಕ್ಸಿ. ಕಿವಿ ಪರೀಕ್ಷೆಗೆ, ಮಾತಿನ ತರಬೇತಿಗೆ ಮೈಸೂರಿನ ಮಾನಸಗಂಗೋತ್ರೀಲಿರೋ ಆಯಿಶ್‌ಗೆ ಕರ್ಕೊಂಡು ಹೋಗಿ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1965ರಿಂದ ಇದೇ ಕೆಲಸ ಮಾಡ್ತಿರೋದು, ದೇಶದ ಮೂಲೆಮೂಲೆಯಿಂದ ಜನ ಬರ್ತಾರೆ, ನಮಗೆ ಒಂದು ಬಸ್ಸಿನ ದೂರ, ಶಕ್ತಿ ಯೋಜನೇಲಿ ಟಿಕೆಟ್ ದುಡ್ಡೂ ಇಲ್ಲ.

ಶಾಲೆಗೆ ಸೇರಿದ್ಮೇಲೆ ಟೀಚರ್ ಹತ್ರ ಕೂತು ನಿಧಾನಕ್ಕೆ ಮಾತಾಡಿ, ಇದನ್ನ ಮರೀಬೇಡಿ. ನನ್ನ ಕ್ಲಾಸಲ್ಲೂ ಒಬ್ಬಳು ಇದ್ದಳು ಮಿಷಿನ್ ಹಾಕೊಂಡವಳು. ನಾನು ಬೋರ್ಡಿನ ಕಡೆ ತಿರುಗಿ ಬರೀತಾ ಬರೀತಾ ಮಾತಾಡೋದು ರೂಢಿ, ಆ ಹುಡುಗಿ ಪೆನ್ಸಿಲ್ ಕೆಳಗಿಟ್ಟು ಸುಮ್ನೆ ನನ್ನ ಬೆನ್ನು ನೋಡ್ತಾ ಕೂತಿರ್ತಿದ್ಳು, ನಂಗೆ ಅದು ಅರ್ಥ ಆಗಕ್ಕೆ ಒಂದು ತಿಂಗಳು ಬೇಕಾಯ್ತು. ಅವಳು ನನ್ನ ತುಟಿ ನೋಡಿ ಅರ್ಧ ಕೇಳಿಸ್ಕೊಳ್ತಿದ್ಳು. ಆಮೇಲೆ ಮೊದಲನೇ ಸಾಲಿಗೆ ಕೂರಿಸ್ದೆ, ಚೆನ್ನಾಗಿ ಕೇಳೋ ಕಿವಿ ನನ್ನ ಕಡೆ ಬರೋ ಹಾಗೆ, ಕಿಟಕಿ ಬೆಳಕು ನನ್ನ ಮುಖದ ಮೇಲೆ ಬೀಳೋ ಹಾಗೆ ನಿಂತ್ಕೊಂಡೆ, ಗರಗರ ಅನ್ನೋ ಫ್ಯಾನಿಂದ ದೂರ. ಖರ್ಚು ಒಂದು ರೂಪಾಯೀನೂ ಇಲ್ಲ. ಮಿಷಿನ್ನಿನ ಬಟನ್ ಸೆಲ್ಲು ಒಂದು ಹೆಚ್ಚಿಗೆ ಜಾಮಿಟ್ರಿ ಬಾಕ್ಸಲ್ಲಿ ಇಟ್ಟು ಕಳ್ಸಿ, ಹಾಕೋದು ಹೇಗೆ ಅಂತ ಟೀಚರ್‌ಗೂ ಪಕ್ಕದ ಹುಡುಗೀಗೂ ತೋರಿಸ್ಕೊಡಿ. ಟೀಚರ್ ಇಲ್ಲ ಅಂದ್ರಲ್ಲ, ತಾಲ್ಲೂಕಿನ ಸಂಪನ್ಮೂಲ ಕೇಂದ್ರ, ಅಂದ್ರೆ ಬಿಆರ್‌ಸಿ ಕಡೆಯಿಂದ ಬಿಐಇಆರ್‌ಟಿ ಅಂತ ಸಂಪನ್ಮೂಲ ಶಿಕ್ಷಕರು ಬರ್ತಾರೆ, ನಮ್ಮ ಶಾಲೆಗೂ ಕಳಿಸಿ ಅಂತ ಅದೇ ಅರ್ಜೀಲಿ ಒಂದು ಸಾಲು ಸೇರ್ಸಿ. ಪ್ರೈಮರೀಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಹೈಸ್ಕೂಲಲ್ಲಿ 15ಕ್ಕೆ ಒಬ್ಬರು ಇರಬೇಕು ಅಂತ 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕೊರತೆ ಇರೋದು ನಿಜ. ಆ ಕೊರತೆಗೆ ನಿಮ್ಮ ಮಗಳು ಮನೇಲಿ ಕೂರೋದು ನನಗೆ ಒಪ್ಪಿಗೆ ಇಲ್ಲ.

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು. ಪಾಠ ಕೇಳಿದ್ರೆ ಬಾಯಲ್ಲಿ ಪಟಪಟ ಹೇಳ್ತಾನೆ, ಬರೀ ಅಂದ್ರೆ ಒತ್ತಕ್ಷರ ಎಲ್ಲ ಬಿಟ್ಟೋಗುತ್ತೆ, ದ ಧ ಅದಲುಬದಲು. ಸೋಮಾರಿ ಅಂತ ನಾನೂ ಹೊಡೆದಿದೀನಿ. ಡಿಸ್ಲೆಕ್ಸಿಯಾ ಇರಬಹುದು ಅಂತ ಒಬ್ರು ಹೇಳಿದ್ರು. ಎಸ್ಸೆಸ್ಸೆಲ್ಸಿ ಹೇಗೆ ಪಾಸಾಗ್ತಾನೆ?
– ಒಬ್ಬ ತಂದೆ, ನಂಜನಗೂಡು

ಉತ್ತರ: ಸರ್, ಹೊಡೆದಿದ್ದನ್ನ ಒಪ್ಕೊಂಡು ಬರೆದಿದೀರಲ್ಲ, ಅದಕ್ಕೆ ದೊಡ್ಡ ಮನಸು ಬೇಕು. ಇವತ್ತು ರಾತ್ರಿ ಊಟಕ್ಕೆ ಕೂತಾಗ ಮಗನಿಗೂ ಹೇಳಿ, ‘ನಂಗೆ ಗೊತ್ತಿರಲಿಲ್ಲ ಕಣೋ’ ಅಂತ. 2016ರ ಕಾಯ್ದೇಲಿ 21 ವೈಕಲ್ಯಗಳಿವೆ, ಡಿಸ್ಲೆಕ್ಸಿಯಾ ಸೇರೋ ಕಲಿಕಾ ನ್ಯೂನತೇನೂ ಅದರಲ್ಲಿ ಒಂದು. ಬುದ್ಧಿ ಚೆನ್ನಾಗೇ ಇರುತ್ತೆ, ಅಕ್ಷರ ಮತ್ತೆ ಶಬ್ದ ಸೇರಿಸ್ಕೊಳ್ಳೋ ಜಾಗದಲ್ಲಿ ತೊಡಕು. ಇದನ್ನ ಆದಷ್ಟು ಬೇಗ ಗುರುತಿಸೋದು ಶಾಲೆ ಕೆಲಸ ಅಂತಾನೂ ಕಾಯ್ದೇಲಿ ಇದೆ, ಒಂಬತ್ತನೇ ಕ್ಲಾಸಿನವರೆಗೆ ಯಾರೂ ನೋಡ್ಲಿಲ್ಲ ಅನ್ನೋದೇ ನಂಗೆ ಸಂಕಟ.

ಹತ್ತನೇ ಕ್ಲಾಸಿಗೆ ಕಾಯಬೇಡಿ. ಮಕ್ಕಳ ಡಾಕ್ಟ್ರು, ಸೈಕಾಲಜಿಸ್ಟ್ ಇಬ್ರೂ ನೋಡ್ಬೇಕು, ನಿಮ್ಹಾನ್ಸ್‌ನವರು ಮಾಡಿರೋ ಓದು-ಬರಹ-ಲೆಕ್ಕದ ಪರೀಕ್ಷೆ ಮಾಡ್ತಾರೆ, ಒಂದೇ ದಿನಕ್ಕೆ ಮುಗಿಯೋದಲ್ಲ, ಓಡಾಟ ಇದೆ. ಮಗನ ಹಳೇ ನೋಟ್‌ಬುಕ್ ಎರಡು ಮೂರು ತಗೊಂಡು ಹೋಗಿ, ರದ್ದಿಗೆ ಹಾಕ್ಬೇಡಿ. ಸರ್ಟಿಫಿಕೇಟ್ ಸಿಕ್ರೆ ಪರೀಕ್ಷೇಲಿ ಹೆಚ್ಚುವರಿ ಸಮಯ, ಬರೆದುಕೊಡೋರು, ಎರಡನೇ ಮೂರನೇ ಭಾಷೆ ವಿನಾಯ್ತಿ ಇವೆಲ್ಲ ಕೇಳಬಹುದು, ಕಾಯ್ದೆಯ 17ನೇ ಸೆಕ್ಷನ್ನಲ್ಲೇ ಇದೆ. ಪರೀಕ್ಷಾ ಮಂಡಳಿಗೆ ಅರ್ಜಿ ಶಾಲೆ ಮೂಲಕ ಹೋಗ್ಬೇಕು, ನೋಂದಣಿ ಟೈಮಲ್ಲೇ. ಪರೀಕ್ಷೆ ವಾರದಲ್ಲಿ ಓಡಿದ್ರೆ ಕೈ ಚೆಲ್ಲಿ ಕೂರ್ತಾರೆ. ಬರೆದುಕೊಡೋರ ಜೊತೆ ಮೂರ್ನಾಲ್ಕು ತಿಂಗಳು ಮುಂಚಿಂದಾನೇ ಅಭ್ಯಾಸ ಮಾಡಿಸಿ, ಹೇಳ್ತಾ ಬರೆಸೋದು ಅವನಿಗೂ ಹೊಸ ವಿದ್ಯೆ.

ಪ್ರಶ್ನೆ: ನಮ್ಮೂರಿಗೆ ಪ್ರತಿ ವರ್ಷ ಕಬ್ಬು ಕಡಿಯೋಕೆ ಹೊರಗಿನ ಜಿಲ್ಲೆಯವರು ಬಂದು ಗುಡ್ಲು ಹಾಕ್ತಾರೆ. ಅವರ ಮಕ್ಕಳು ಗದ್ದೆ ಬದೂಲೇ ಇರ್ತಾವೆ. ಟಿಸಿ ಇಲ್ಲ, ವರ್ಷದ ಮಧ್ಯ ಅಂತ ಶಾಲೇಲಿ ಸೇರ್ಸಲ್ಲ. ನಾವೇನಾದ್ರೂ ಮಾಡಬಹುದಾ?
– ಒಬ್ಬ ಓದುಗ, ಪಾಂಡವಪುರ

ಉತ್ತರ: ಖಂಡಿತ ಮಾಡಬಹುದು ತಮ್ಮ. ಟಿಸಿ ತಡ ಆಯ್ತು ಅಂತ ಸೇರಿಸ್ಕೊಳ್ಳದೇ ಇರೋ ಹಾಗಿಲ್ಲ, ವಯಸ್ಸಿನ ದಾಖಲೆ ಇಲ್ಲ ಅಂತಲೂ ವಾಪಸ್ ಕಳಿಸೋ ಹಾಗಿಲ್ಲ, ದಾಖಲಾತಿ ದಿನ ಮುಗೀತು ಅಂತಲೂ ಕಳಿಸೋ ಹಾಗಿಲ್ಲ, ಮೂರನ್ನೂ ಆರ್‌ಟಿಇ ಕಾಯ್ದೆ ಬಿಡಿಸಿ ಹೇಳಿದೆ. ವಯಸ್ಸಿಗೆ ತಕ್ಕ ಕ್ಲಾಸಿಗೆ ಕೂರಿಸಿ, ಹಿಂದುಳಿದಿದ್ರೆ ವಿಶೇಷ ತರಬೇತಿ ಕೊಡ್ಬೇಕು. ಸೇರಿದ ದಿನದಿಂದ ಬಿಸಿಯೂಟ, ಹಾಲು ಎಲ್ಲ ಅವರಿಗೂ ಸೇರಿದ್ದು.

ಕೂಲಿಯವರನ್ನ ಕರ್ಕೊಂಡು ಬರೋ ಮೇಸ್ತ್ರೀನ ಮೊದಲು ಒಪ್ಪಿಸ್ಕೊಳ್ಳಿ, ಅವನು ಹೂಂ ಅನ್ನದೆ ತಾಯಂದಿರು ಮಕ್ಕಳನ್ನ ಕಳ್ಸಲ್ಲ, ದೊಡ್ಡ ಹುಡುಗೀರು ಗುಡ್ಲಲ್ಲಿ ತಮ್ಮ ತಂಗೀರನ್ನ ನೋಡ್ಕೊಳ್ತಾ ಇರ್ತಾರೆ, ಆ ಸಣ್ಣವರನ್ನ ಅಂಗನವಾಡಿಗೆ ಸೇರಿಸಿದ್ರೇನೇ ದೊಡ್ಡವಳ ಕೈ ಬಿಡುವಾಗೋದು. ಎಷ್ಟು ಮಕ್ಕಳು, ಎಷ್ಟು ವಯಸ್ಸು ಅಂತ ಪಟ್ಟಿ ಮಾಡಿ ಸುತ್ತಲ ಶಾಲೆಗಳನ್ನ ನೋಡ್ಕೊಳ್ಳೋ ಸಿಆರ್‌ಪಿ ಕೈಗೆ ಕೊಡಿ, ಒಂದು ಪ್ರತಿ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅಧ್ಯಕ್ಷರಿಗೆ, ಸಹಿ ಹಾಕಿಸ್ಕೊಂಡು. ಕಟಾವು ಮುಗಿದು ಅವರು ಹೊರಡೋಕೆ ಮುಂಚೆ ಹೆಡ್‌ಮಾಸ್ಟರ್ ಹತ್ರ ಟಿಸಿ ಬರೆಸಿ ಪ್ರತಿ ತಾಯಿ ಕೈಗೂ ಕೊಟ್ಟು ಕಳ್ಸಿ, ಮಳೆಗೆ ನೆನೀದಿರೋ ಹಾಗೆ ಪ್ಲಾಸ್ಟಿಕ್ ಕವರಲ್ಲಿ ಹಾಕಿ.