ಆಲ್ವೇಸ್ ಆದಮೇಲೆ ಯಾರನ್ನು ಕೇಳೋದು?

ಕೆನಡಾದ ಇಂಡಿ ಪಾಪ್ ಬ್ಯಾಂಡ್ ಆಲ್ವೇಸ್ ತರಹದ್ದು ಬೇರೆ ಯಾವುದಿದೆ, ಹಾಡು ಕೇಳೋ ಆ್ಯಪ್ ಸುಮ್ನೆ ಅವೇ ಹಾಡುಗಳನ್ನು ತಿರುಗಿಸಿ ಹಾಕುತ್ತದೆ ಅಂದಿದ್ದೀರಲ್ಲ, ಮೊದಲು ಗ್ಲಾಸ್ಗೋದ ಕ್ಯಾಮೆರಾ ಅಬ್ಸ್‌ಕ್ಯೂರಾ ಕೇಳಿ. 2006ರ 'ಲೆಟ್ಸ್ ಗೆಟ್ ಔಟ್ ಆಫ್ ದಿಸ್ ಕಂಟ್ರಿ' ಆಲ್ಬಮ್ಮಿನ ಮೊದಲ ಹಾಡು ಆರ್ಗನ್ ಸದ್ದಿನಿಂದ ಶುರುವಾಗುತ್ತದೆ. ಟ್ಯೂನ್ ಕುಣಿಸುತ್ತದೆ, ಮಾತು ಮಾತ್ರ ಎದೆ ಒಡೆಸಿಕೊಳ್ಳೋಕೆ ರೆಡಿ ಅನ್ನುತ್ತದೆ! ನಮ್ಮ ದೇಶದಲ್ಲೇ ಬೇಕಾದರೆ ಕೋಲ್ಕತ್ತಾದ ಜೋಡಿ ಪಾರೇಖ್ ಆ್ಯಂಡ್ ಸಿಂಗ್ ಇದ್ದಾರೆ, ಇನ್ನೂ ಮೆತ್ತಗೆ ಹಾಡುತ್ತಾರೆ.

ಆ್ಯಪ್ ಸಲಹೆ ಬಿಡಿ. ಹಾಡು, ಆಲ್ಬಮ್ ಮಾರುವ ವೆಬ್‌ಸೈಟ್ ಬ್ಯಾಂಡ್‌ಕ್ಯಾಂಪ್‌ನಲ್ಲಿ ನಿಮಗಿಷ್ಟವಾದ ಆಲ್ಬಮ್ ತೆಗೆದರೆ ಅದನ್ನು ಕೊಂಡವರ ಪುಟ್ಟ ಫೋಟೋಗಳು ಸಾಲಾಗಿ ಕಾಣುತ್ತವೆ, ಯಾರದ್ದಾದರೂ ಒತ್ತಿ, ಅವರು ಇನ್ನೇನೇನು ಕೊಂಡಿದ್ದಾರೆ ಅಂತ ಸಿಗುತ್ತದೆ. ದುಡ್ಡು ಕೊಟ್ಟು ಕೊಂಡವರ ರುಚಿ ಜಾಸ್ತಿ ನಂಬಬಹುದು, ಅಲ್ವಾ? ಬ್ರಿಸ್ಟಲ್‌ನ ಸಾರಾ ರೆಕಾರ್ಡ್ಸ್ ಹೆಸರೂ ಹುಡುಕಿ. 1987ರಿಂದ 1995ರವರೆಗೆ ಮಾತ್ರ ಇದ್ದ ಲೇಬಲ್, ಅಂದರೆ ಹಾಡು ಹೊರತರುವ ಕಂಪನಿ, ಆದರೆ ಅಲ್ಲಿನ ದ ಫೀಲ್ಡ್ ಮೈಸ್ ಬ್ಯಾಂಡ್ ಒಂದೇ ನಿಮಗೆ ಒಂದು ವಾರಕ್ಕೆ ಸಾಕು.