ಸೈಬರ್‌ಪಂಕ್ 2077 ವಿಡಿಯೋ ಗೇಮ್‌ನಲ್ಲಿ ನಿಮಗೆ ಜಾಸ್ತಿ ಕಷ್ಟ ಆದ ಆಯ್ಕೆ ಯಾವುದು? ಓಡಾನನ್ನು ಸೋಲಿಸೋದು ಹೇಗೆ?

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಯಾವ ಆಯ್ಕೆ ಮನಸ್ಸಿಗೆ ಕಷ್ಟ ಕೊಟ್ಟಿತು, ಮತ್ತೆ ಓಡಾ ಎದುರು ಸತ್ತು ಸತ್ತು ಸಾಕಾಗಿದೆ, ಏನು ಮಾಡಲಿ ಅಂತ. ನನಗೆ ಎರಡೂ ಒಬ್ಬನೇ ಮನುಷ್ಯನಿಗೆ ಸೇರಿದ ಮಾತು. ಅವನು ಗೊರೊ ತಕೆಮುರಾ, ಆಟದಲ್ಲಿ ಅರಸಾಕಾ ಅನ್ನುವ ದೈತ್ಯ ಕಂಪನಿಯ ಯಜಮಾನನಿಗೆ ಅಂಗರಕ್ಷಕನಾಗಿದ್ದವನು. ಮುಂದೆ ಕಥೆಯ ಗುಟ್ಟೆಲ್ಲ ಬರುತ್ತದೆ, ಪೂರ್ತಿ ಆಡಿಲ್ಲದವರು ಇಲ್ಲಿಗೇ ನಿಲ್ಲಿಸಿ.

ಮೊದಲು ಓಡಾ, ಆಟದ ದೊಡ್ಡ ಎದುರಾಳಿಗಳಲ್ಲಿ ಒಬ್ಬ. ಜಪಾನ್‌ಟೌನ್ ಮೆರವಣಿಗೆಯಲ್ಲಿ ಮೂರು ಸ್ನೈಪರ್‌ಗಳನ್ನು ಮುಗಿಸಿಕೊಂಡು ಬರುವ ಹೊತ್ತಿಗೆ ನಿಮ್ಮ ಹತ್ತಿರ ಮದ್ದೂ ಗುಂಡೂ ಖಾಲಿ ಆಗಿರುತ್ತವೆ. ಬಹಳ ಜನ ಸೋಲುವುದು ಇದರಿಂದಲೇ. ಅದಕ್ಕೆ ಅವನ ಎದುರು ಹೋಗುವ ಮೊದಲೇ ಸೇವ್ ಮಾಡಿ, ಎಲ್ಲ ತುಂಬಿಸಿಕೊಳ್ಳಿ. ಅವನ ಕೈಯಿಂದ ಬ್ಲೇಡ್ ಹೊರಬರುತ್ತದೆ, ದೂರದಿಂದ ಒಂದೇ ನೆಗೆತಕ್ಕೆ ಮೈಮೇಲೆ ಬೀಳುತ್ತಾನೆ. ಆಗ ಹಿಂದಕ್ಕೆ ಸರಿಯಬೇಡಿ, ಪಕ್ಕಕ್ಕೆ ಹಾರಿ. ನಾನು ಹಿಂದಕ್ಕೆ ಸರಿದೂ ಸರಿದೂ ಒಂದು ಸಂಜೆ ಪೂರ್ತಿ ಸತ್ತಿದ್ದೇನೆ. ಮಧ್ಯೆ ಮಾಯವಾಗಿ ಬಂದೂಕು ಹಿಡಿಯುತ್ತಾನೆ. ಆಗ ಬಯಲಲ್ಲಿ ನಿಲ್ಲಬೇಡಿ, ಏನಾದರೂ ಮರೆ ಹಿಡಿಯಿರಿ. ಅವನ ಗುಂಡು ತಿರುಗಿ ತಿರುಗಿ ಹುಡುಕಿಕೊಂಡು ಬರುತ್ತದೆ, ಅದಕ್ಕೆ ಸಿಕ್ಕಾಗೆಲ್ಲ ಮುಖವಾಡಕ್ಕೇ ಗುರಿ ಇಡಿ. ಹತ್ತಿರ ಬಂದಾಗ ಶಾಟ್‌ಗನ್. ಇನ್ನೊಂದು ಮಾತು, 2023ರ ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟ್ ಬಂದ ಮೇಲೆ ಪಾಯಿಂಟ್ ಹಾಕಿ ಪಡೆಯುವ ಶಕ್ತಿಗಳು, ಅಂದರೆ ಪರ್ಕ್‌ಗಳೆಲ್ಲ ಬದಲಾಗಿವೆ. ಅದಕ್ಕಿಂತ ಹಳೆಯ ವಿಡಿಯೋ ನೋಡಿ ಪಾಯಿಂಟ್ ಹಾಕಬೇಡಿ.

ಆಟದ ಇನ್ನೊಬ್ಬ ದೊಡ್ಡ ಎದುರಾಳಿ ಸ್ಯಾಸ್ಕ್ವಾಚ್ ಬಗ್ಗೆ ಕೇಳಿಲ್ಲ, ಆದರೂ ಹೇಳುತ್ತೇನೆ. ಸುತ್ತಿಗೆ ಹಿಡಿದು ಬರುವ ಆ ಹೆಂಗಸಿನ ಬೆನ್ನಿನ ಮೇಲೆ ಒಂದು ಯಂತ್ರ ಇರುತ್ತದೆ. ಮೊದಲು ಅದನ್ನು ಕಿತ್ತುಹಾಕಿ. ಆಮೇಲೆ ಸುಲಭ.

ಓಡಾ ಹಾಗಲ್ಲ. ಓಡಾ ತಕೆಮುರಾನ ಶಿಷ್ಯ. ಅವನನ್ನು ಕೊಲ್ಲಬೇಡ ಅಂತ ತಕೆಮುರಾ ಕೇಳಿಕೊಂಡಿರುತ್ತಾನೆ. ಅಷ್ಟು ಸಲ ನನ್ನನ್ನು ಸಾಯಿಸಿದವನು ಕೊನೆಗೆ ಕುಸಿದು ಬಿದ್ದಾಗ, ಬೆರಳು ಇನ್ನೂ ಮೌಸ್ ಮೇಲೇ ಇತ್ತು. ಒಂದೇ ಒಂದು ಒತ್ತು ಸಾಕಿತ್ತು. ಹಿಂದೆ ಕೂತಿದ್ದ ನನ್ನ ತಮ್ಮ ‘ಬಿಡಣ್ಣ, ಬ್ಯಾಡ ಅಂದಾನಲ್ಲ ಅಂವ’ ಅಂದ. ಬಿಟ್ಟೆ.

ಅದಾದ ಮೇಲಿನದ್ದೇ ನನಗೆ ಕಷ್ಟ ಆಗಿದ್ದು. ಆ ಯಜಮಾನನ ಮಗಳು ಹನಾಕೊ ಅರಸಾಕಾಳನ್ನು ಕರೆತಂದು ಕೂರಿಸಿದ ಪಾಳು ಮನೆಗೆ ಅರಸಾಕಾ ಸೈನಿಕರು ನುಗ್ಗುತ್ತಾರೆ. ನೆಲ ಕುಸಿದು ನೀವು ಕೆಳಗಿನ ಮಹಡಿಗೆ ಬೀಳುತ್ತೀರಿ. ತಕೆಮುರಾ ಮೇಲೇ ಉಳಿಯುತ್ತಾನೆ. ನಿಮ್ಮ ಪಾತ್ರದ ತಲೆಯೊಳಗೆ ಕೂತಿರುವ, ಎಂದೋ ಸತ್ತ ರಾಕ್ ಗಾಯಕ ಜಾನಿ ಪ್ರತ್ಯಕ್ಷನಾಗಿ, ಅವನ ಕಥೆ ಮುಗೀತು, ನೀನು ಹೊರಡು ಅನ್ನುತ್ತಾನೆ. ಉಳಿಸುತ್ತೀಯಾ ಬಿಡುತ್ತೀಯಾ ಅಂತ ಆಟ ಎದ್ದು ಕಾಣುವ ಹಾಗೆ ಕೇಳುವುದೇ ಇಲ್ಲ. ಎರಡು ಸಾಲು ತೋರಿಸಿ ಆರಿಸಿಕೋ ಅನ್ನುವುದಿಲ್ಲ. ನಾನು ಬಾಗಿಲು ಹುಡುಕಿಕೊಂಡು ಸೀದಾ ಹೊರಗೆ ನಡೆದುಬಿಟ್ಟೆ.

ಹೊರಗೆ ಬಂದ ಮೇಲೆ ತಮ್ಮ ಕೇಳಿದ, ‘ಅಣ್ಣಾ, ಆ ಜುಟ್ಟಿನ ಮಾಮ ಮ್ಯಾಲೇ ಉಳಿದ್ನಲ್ಲ?’

ನನ್ನ ಕೈ ತಣ್ಣಗಾಯಿತು. ಕಸದ ಗುಡ್ಡೆಯಲ್ಲಿ ಸತ್ತು ಬಿದ್ದಿದ್ದ ವಿಯನ್ನು, ಅಂದರೆ ನಾವು ಆಡುವ ಪಾತ್ರವನ್ನು, ಹುಡುಕಿ ತಂದವನೇ ಅವನು ಅಲ್ವಾ? ಮೆರವಣಿಗೆಗೆ ಮೊದಲು ಒಂದು ರಾತ್ರಿ ಅವನ ಜೊತೆ ಕಾವಲು ಕೂರುವ ಭಾಗ ಇದೆ. ಅಲ್ಲಿ ಗುಂಡಿಲ್ಲ, ಓಟವಿಲ್ಲ. ಚಿಕ್ಕವನಿದ್ದಾಗ ಬಡವರ ಕೇರಿಯಲ್ಲಿ ಬೆಳೆದದ್ದು, ಅರಸಾಕಾ ಕಂಪನಿ ತನ್ನನ್ನು ಆರಿಸಿಕೊಂಡದ್ದು, ಎಲ್ಲ ಹೇಳಿಕೊಳ್ಳುತ್ತಾನೆ. ಒಂದು ಬೆಕ್ಕು ಬರುತ್ತದೆ. ಅಂಥವನನ್ನು ಬಿಟ್ಟು ಬಂದಿದ್ದೆ, ಅದೂ ಯೋಚನೆ ಮಾಡಿ ಅಲ್ಲ, ಸುಮ್ನೆ ನಡೆದು.

ಅವನು ಕಂಪನಿಯ ಮನುಷ್ಯ, ಅವನಿಗೇಕೆ ಮರುಗಬೇಕು ಅಂತ ಕೆಲವರು ವಾದ ಮಾಡುತ್ತಾರೆ. ನಾನು ಬಳ್ಳಾರಿಯವನು. ನಮ್ಮಪ್ಪ ಸಂಡೂರು ಕಡೆ ಅದಿರಿನ ಲಾರಿ ಓಡಿಸುತ್ತಿದ್ದರು. ಸಂಜೆ ಮನೆಗೆ ಬಂದರೆ ರೆಪ್ಪೆಯ ಮೇಲೂ ಕೆಂಪು ಧೂಳು. 2011ರಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಕೆಲಸ ಹೋಯಿತು. ಮಾಲೀಕರು ಬಾಕಿ ಸಂಬಳ ಕೊಡಲಿಲ್ಲ. ಗಣಿಯಿಂದ ಊರಿಗೆ ಆದ ಹಾಳು ಅಪ್ಪನಿಗೆ ಗೊತ್ತಿತ್ತು, ನಿಲ್ಲಿಸಿದ್ದು ಸರಿ ಅಂತಲೂ ಒಪ್ಪುತ್ತಿದ್ದರು. ಆದರೆ ಆ ಮಾಲೀಕರ ಬಗ್ಗೆ ಒಂದು ಕೆಟ್ಟ ಮಾತು ಅವರ ಬಾಯಿಂದ ಬರಲಿಲ್ಲ. ‘ಹದಿನಾಲ್ಕು ವರ್ಷ ಅವರ ಅನ್ನ ಉಂಡೀವಿ’ ಅನ್ನುತ್ತಿದ್ದರು. ನನಗೆ ಆಗ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ. ಆದರೆ ಅಂಥ ನಿಯತ್ತು ಇರುವವನನ್ನು ಕಂಪನಿಯ ನಾಯಿ ಅಂತ ಕರೆಯಲು ನನ್ನಿಂದ ಆಗುವುದಿಲ್ಲ. ತಕೆಮುರಾ ತನ್ನ ಯಜಮಾನನ ಕೊಲೆಗೆ ನ್ಯಾಯ ಸಿಗಲಿ ಅಂತ ಎಲ್ಲ ಕಳೆದುಕೊಂಡು ಅಲೆಯುತ್ತಾನೆ. ಅವನ ಕಂಪನಿ ಕೆಟ್ಟದ್ದೇ. ಅವನ ಕಣ್ಣಿಗೆ ಅದು ಕಾಣುವುದಿಲ್ಲ. ಎರಡೂ ನಿಜ.

ಹಳೇ ಸೇವ್ ಹಾಕಿ ಮತ್ತೆ ಹೋದೆ. ಕೆಳಗೆ ಬಿದ್ದ ಕೂಡಲೇ ಜಾನಿ ಬೈಯುತ್ತಿದ್ದರೂ ಮೇಲಕ್ಕೆ ದಾರಿ ಹುಡುಕಿ ಹತ್ತಿದೆ. ನೀವೂ ಅಲ್ಲಿಗೆ ಹೋಗುವಾಗ ಗುಂಡು ತುಂಬಿಸಿಕೊಂಡೇ ಹೋಗಿ, ಮೇಲೆ ಸೈನಿಕರು ತುಂಬಾ ಇರುತ್ತಾರೆ, ಜಾಗ ಇಕ್ಕಟ್ಟು. ನನಗೆ ಓಡಾಗಿಂತ ಇದೇ ಜಾಸ್ತಿ ಕಷ್ಟ ಆಯಿತು, ಯಾಕೆಂದರೆ ಈ ಸಲ ಸೋಲಬಾರದು ಅಂತ ಕೈ ನಡುಗುತ್ತಿತ್ತು. ಉಳಿಸಿದೆ.

ಕೊನೆಗೆ ನಾನು ಅರಸಾಕಾ ಜೊತೆ ಹೋಗಲಿಲ್ಲ, ಅಲೆಮಾರಿ ಗೆಳತಿ ಪಾನಮ್ ಜೊತೆ ಊರು ಬಿಟ್ಟೆ. ಆಟ ಮುಗಿದು ಹೆಸರುಗಳು ಬರುವಾಗ ಪರಿಚಯದವರೆಲ್ಲ ಒಬ್ಬೊಬ್ಬರಾಗಿ ಮಾತಾಡುತ್ತಾರೆ. ತಕೆಮುರಾನೂ ಬಂದ. ಬರೀ ಸಿಟ್ಟು. ಜೀವ ಉಳಿಸಿದ್ದು ಅವನಿಗೆ ಲೆಕ್ಕಕ್ಕೇ ಇಲ್ಲ, ನಾನು ಕೈಕೊಟ್ಟೆ ಅನ್ನುವುದೊಂದೇ ಅವನ ಮನಸ್ಸಿನಲ್ಲಿ. ‘ಇದಕ್ಕಾ ಉಳಿಸಿದ್ವಿ?’ ಅಂತ ತಮ್ಮ ಎದ್ದು ಹೋದ.

ಹೋದ ತಿಂಗಳು ಮತ್ತೆ ಮೊದಲಿನಿಂದ ಶುರು ಮಾಡಿದೆ. ಆ ಮನೆ ಬಂತು, ನೆಲ ಕುಸಿಯಿತು. ಮೆಟ್ಟಿಲು ಹತ್ತಿದೆ.